ರಫೂ ಹಾಕಿದ ರೆಕ್ಕೆ

ಗುಬ್ಬಿ ಗೇಟ್, ತುಮಕೂರು
18 ಜನವರಿ 2025, ಶನಿವಾರ

ಪ್ರೀತಿಯ ಮಗಳು ಅಂಬ್ರೀನ್‌ಗೆ,

ನಿನ್ನ ಅಮ್ಮಿಯ ಸಲಾಂ, ಕೈತುಂಬ ದುವಾ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಬ್ಬಾಗೆ ಈ ವಾರ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಹಗಲು ಪಾಳಿ. ಮನೆಯಲ್ಲಿ ನಾನು, ನನ್ನ ಹೊಲಿಗೆ ಮೆಷಿನ್ನು ಮತ್ತು ಮದುವೆ ಸೀಸನ್ನಿನ ಬ್ಲೌಸುಗಳ ರಾಶಿ. ರಾಶಿಯನ್ನು ಪಕ್ಕಕ್ಕೆ ತಳ್ಳಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಕಾಗದ ಹರವಿಕೊಂಡು ಕೂತಿದ್ದೇನೆ.

ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಅಂತ ನಿನಗೆ ಅನ್ನಿಸುತ್ತದೆ. ನೀನು ಕುಣಿಗಲ್‌ಗೆ ಹೋಗಿ ಏಳು ತಿಂಗಳಾಯಿತು. ಈ ಏಳು ತಿಂಗಳಲ್ಲಿ ಫೋನಿನಲ್ಲಿ ನಾವು ಮಾತಾಡಿದ್ದಾದರೂ ಏನು ಹೇಳು. ಊಟ ಆಯ್ತಾ ಅಂದರೆ ಆಯ್ತು. ಸಾದಿಕ್ ಮಾಮಾ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಅಂದರೆ ಚೆನ್ನಾಗಿದ್ದಾರೆ. ನೀನು ಪಾಠ ಮಾಡುವ ಸ್ಕೂಲಿನಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುತ್ತಾರಾ ಅಂದರೆ ಕಲೀತಾರೆ. ಆಮೇಲೆ ‘ಇಡ್ತೀನಿ ಅಮ್ಮಿ’. ನಾನು ಹೇಳಬೇಕಾದದ್ದು ಉದ್ದ ಇದೆ. ಮಧ್ಯದಲ್ಲಿ ನೀನು ಫೋನ್ ಇಟ್ಟುಬಿಟ್ಟರೆ ಇನ್ನೊಂದು ಸಲ ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ನಾವಾಡುವ ಮಾತು ಬೇರೆಯಾದರೂ ನನಗೆ ಬರೆಯಲು ಬರುವುದು ಕನ್ನಡವೇ, ನೀನು ಓದಿದ್ದೂ ಅದನ್ನೇ. ಆದ್ದರಿಂದ ಒಂದು ಲೋಟ ಟೀ ಮಾಡಿಕೊಂಡು ಕೂತು ಓದು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿನ್ನ ಅಮ್ಮಿ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ನಗು, ಪರವಾಗಿಲ್ಲ. ನೀನು ಹಾರಿಸುತ್ತಿದ್ದೆಯಲ್ಲ, ಅದೇ ರಿಮೋಟಿನ ವಿಮಾನ. ಗುಬ್ಬಿಯಲ್ಲಿ, ನಿನಗೆ ಕಲಿಸಿದ ಶಿವರಾಮಯ್ಯ ಮೇಷ್ಟ್ರ ಹತ್ತಿರವೇ. ನಿನಗೆ ಹೇಳಕೂಡದು ಅಂತ ಅವರ ಬಾಯಿಗೆ ಬೀಗ ಹಾಕಿಸಿದ್ದೆ. ಪಾಪ, ಐಟಿಐನಲ್ಲಿ ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದ ಮನುಷ್ಯನಿಗೆ ಒಂದು ಗುಟ್ಟು ಇಟ್ಟುಕೊಳ್ಳುವುದು ಕಷ್ಟವಾಗಿದೆ. ಪ್ರತಿ ಭಾನುವಾರವೂ ಅಂಬ್ರೀನ್‌ಗೆ ಈಗ್ಲಾದ್ರೂ ಹೇಳ್ಲಾ ಅಂತ ಕೇಳುತ್ತಾರೆ.

ಇದು ಶುರುವಾದದ್ದು ಅಕ್ಟೋಬರಿನಲ್ಲಿ, ನೀನು ಶಿರಾದ ಸಂಬಂಧಕ್ಕೆ ಹೂಂ ಅಂದ ದಿನ. ಆ ದಿನ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಜುಲ್ಫಿಕರ್ ಒಳ್ಳೆಯ ಹುಡುಗ, ಅಂಗಡಿ ಇದೆ, ಮನೆಯವರು ಮರ್ಯಾದಸ್ಥರು. ಮೇ ತಿಂಗಳಿಂದ ಅವರು ಕೇಳುತ್ತಲೇ ಇದ್ದರು, ನೀನು ಬಾಯಿ ಬಿಟ್ಟಿರಲಿಲ್ಲ. ಅವತ್ತು ಇದ್ದಕ್ಕಿದ್ದ ಹಾಗೆ ‘ನಿಮ್ಮಿಷ್ಟ ಅಮ್ಮಿ’ ಅಂದೆ. ಫೋನ್ ಇಟ್ಟು ಮೆಷಿನ್ನಿನ ಮುಂದೆ ಕೂತೆ. ಒಂದು ತೋಳು ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಕುರ್ತಾದ ತೋಳು ಅರ್ಧ ಇಂಚು ಉದ್ದವಾಯಿತು ಅಂತ ನನ್ನ ಜೊತೆ ಎರಡು ಗಂಟೆ ಜಗಳ ಆಡಿದ ಹುಡುಗಿ, ಇಡೀ ಬದುಕಿನ ವಿಷಯಕ್ಕೆ ಎರಡೇ ಪದದಲ್ಲಿ ಒಪ್ಪಿದಳಲ್ಲ, ಯಾಕೆ ಅನ್ನುವುದು ತಲೆಯಿಂದ ಹೋಗಲಿಲ್ಲ. ಅದೇ ಫೋನಿನಲ್ಲಿ ನೀನು ಇನ್ನೊಂದು ಮಾತು ಹೇಳಿದ್ದೆ. ‘ನಾನು ಕಟ್ಟಿದ್ದು ಯಾವ್ದೂ ನಿಲ್ಲಲ್ಲ, ನೀವೇ ಏನಾದ್ರೂ ಕಟ್ಟಿಕೊಡಿ’ ಅಂತ. ನಗುತ್ತಲೇ ಅಂದೆ. ಆ ನಗು ನನಗೆ ಹಿಡಿಸಲಿಲ್ಲ.

ನಾಲ್ಕು ವರ್ಷ ನೀನು ಮನೆತುಂಬ ಮರದ ಪುಡಿ ಮಾಡಿದೆ, ನನ್ನ ಇಸ್ತ್ರಿಪೆಟ್ಟಿಗೆಗೆ ಪ್ಲಾಸ್ಟಿಕ್ ಮೆತ್ತಿಸಿದೆ, ನನ್ನ ಸೂಜಿಗಳನ್ನೆಲ್ಲ ಕದ್ದೆ. ನಾನು ಬೈದೆನೇ ಹೊರತು ಒಂದು ದಿನವೂ ಇದರೊಳಗೆ ಏನಿದೆ ಅಂತ ಕೇಳಲಿಲ್ಲ. ಈಗ ನೀನು ಬಿಟ್ಟ ಮೇಲೆ ನನಗೆ ಕುತೂಹಲ ಹತ್ತಿತು. ಅಟ್ಟ ಹತ್ತಿ, ನೀನು ಗೋಣಿಚೀಲದಲ್ಲಿ ತುಂಬಿಟ್ಟು ಹೋಗಿದ್ದ ಮುರಿದ ವಿಮಾನವನ್ನು ಇಳಿಸಿದೆ. ಭಾನುವಾರ ಅದನ್ನು ಎತ್ತಿಕೊಂಡು ಗುಬ್ಬಿ ಬಸ್ಸು ಹತ್ತಿದೆ. ಕಂಡಕ್ಟರು ಚೀಲದಿಂದ ಹೊರಗೆ ಚಾಚಿದ್ದ ಬಾಲ ನೋಡಿ, ‘ಏನಮ್ಮಾ ಇದು, ಮೀನಾ?’ ಅಂದ. ವಿಮಾನ ಅಂದೆ. ಹಾಗಾದರೆ ಬಸ್ಸಿಗೆ ಯಾಕೆ ಬಂದ್ರಿ ಅಂತ ಕೇಳಿ ಇಡೀ ಬಸ್ಸನ್ನು ನಗಿಸಿದ.

ಮೇಷ್ಟ್ರು ಚೀಲವನ್ನು ಬಿಚ್ಚಲೇ ಇಲ್ಲ. ಅದನ್ನು ತಮ್ಮ ಬೆಂಚಿನ ಕೆಳಗೆ ತಳ್ಳಿ, ಇದು ಆಮೇಲೆ, ಮೊದಲು ನೀವು ಬೀಳೋದು ಕಲೀರಿ ಅಂದರು. ಮೂರು ಭಾನುವಾರ ಅವರ ಕಂಪ್ಯೂಟರಿನಲ್ಲೇ ಬಿದ್ದೆ. ಅದರಲ್ಲಿ ವಿಮಾನ ನೆಲಕ್ಕೆ ಬಡಿದಾಗ ಚೂರುಚೂರಾಗಿ, ಒಂದು ಗುಂಡಿ ಒತ್ತಿದರೆ ಮತ್ತೆ ಇಡಿಯಾಗಿ ನಿಲ್ಲುತ್ತದಲ್ಲ, ನನಗೆ ಅದೇ ದೊಡ್ಡ ಮೋಜಾಗಿತ್ತು. ವಿಮಾನ ನಮ್ಮ ಕಡೆಗೆ ತಿರುಗಿ ಬರುವಾಗ ಎಡಬಲ ಅದಲುಬದಲಾಗುತ್ತದೆ, ಎಲ್ಲರೂ ಅಲ್ಲಿಯೇ ಎಡವುತ್ತಾರೆ ಅಂತ ಮೇಷ್ಟ್ರು ಹೆದರಿಸಿದರು. ನಾನು ಎಡವಲಿಲ್ಲ ಕಣೇ. ಇಪ್ಪತ್ತೆಂಟು ವರ್ಷದಿಂದ ಹೆಂಗಸರನ್ನು ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆದವಳು ನಾನು. ನನ್ನ ಬಲಗೈ ಕಡೆ ಇರುವುದು ಅವರ ಎಡತೋಳು ಅಂತ ನನಗೆ ನಿದ್ದೆಯಲ್ಲೂ ಗೊತ್ತು. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. ಅವತ್ತು ನಾನು ಬಸ್ಸಿನಲ್ಲಿ ಸ್ವಲ್ಪ ಜಂಬದಿಂದಲೇ ಕೂತು ಬಂದೆ.

ಜಂಬ ಇಳಿದದ್ದು ಡಿಸೆಂಬರಿನಲ್ಲಿ. ಮೇಷ್ಟ್ರು ತಮ್ಮ ಹೊಲದ ರಾಗಿ ಕೊಯ್ದು ಮುಗಿಸಿದ ಮೇಲೆ ನಿಜವಾದ ಹಾರಾಟ ಶುರುವಾಯಿತು. ಚೇಳೂರು ರಸ್ತೆಯ ಆ ಹೊಲ ನಿನಗೆ ಗೊತ್ತಲ್ಲ, ಒಂದು ಕಡೆ ದೊಡ್ಡರಂಗಯ್ಯನವರ ತೆಂಗಿನ ತೋಟ. ಕಲಿಯುವವರಿಗೆಂದೇ ಇಟ್ಟ ಥರ್ಮೋಕೋಲ್ ವಿಮಾನ, ನನ್ನ ಕೈಯಲ್ಲೊಂದು ರಿಮೋಟು, ಮೇಷ್ಟ್ರ ಕೈಯಲ್ಲೊಂದು. ನಾನು ತಪ್ಪು ಮಾಡಿದರೆ ಅವರು ಸ್ವಿಚ್ಚು ಒತ್ತಿ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಮೊದಲ ದಿನ ಎಷ್ಟು ಸಲ ತೆಗೆದುಕೊಂಡರು ಅಂತ ಕೇಳಬೇಡ. ನನ್ನ ರೋಗ ಏನೆಂದರೆ, ವಿಮಾನ ಒಂದು ಚೂರು ವಾಲಿದರೂ ಸಾಕು, ಕಡ್ಡಿಯನ್ನು ಪೂರಾ ನೂಕಿಬಿಡುತ್ತೇನೆ. ಆ ಕಡೆ ಹೆಚ್ಚಾಯಿತೆಂದು ಮತ್ತೆ ಈ ಕಡೆ ನೂಕುತ್ತೇನೆ. ‘ಕೈ ಬಿಡಿ ಬಾನು ಅವ್ರೇ, ಕೈ ಬಿಡಿ, ಅದಕ್ಕೆ ಹಾರೋದು ಗೊತ್ತು’ ಅಂತ ಮೇಷ್ಟ್ರು ಕೂಗುತ್ತಾರೆ. ಒಂದು ಸಲ ನಿಜವಾಗಿಯೂ ಎರಡು ಹೆಬ್ಬೆರಳನ್ನೂ ಎತ್ತಿಬಿಟ್ಟೆ. ವಿಮಾನ ಎರಡು ಸಲ ಓಲಾಡಿ, ತನ್ನಷ್ಟಕ್ಕೆ ನೆಟ್ಟಗಾಗಿ ಹೊರಟುಹೋಯಿತು. ನಿನಗೂ ಮೊದಲ ಸಲ ಹೀಗೇ ಆಯಿತಾ? ಅಳುವೂ ನಗುವೂ ಒಟ್ಟಿಗೆ ಬಂತಾ? ನನಗೆ ಬಂತು. ಬುರ್ಖಾ ಗಾಳಿಗೆ ಪಟಪಟ ಅನ್ನುತ್ತಿತ್ತು, ನಾನು ಬಾಯಿ ತೆರೆದು ಮೇಲೆ ನೋಡುತ್ತಾ ನಿಂತಿದ್ದೆ. ಐವತ್ತು ವರ್ಷದಲ್ಲಿ ನಾನು ಆಕಾಶವನ್ನು ಅಷ್ಟು ಹೊತ್ತು ನೋಡಿದ್ದು ಈದ್ ಚಂದ್ರನಿಗಾಗಿ ಮಾತ್ರ.

ಈಗ ನನ್ನ ಬ್ಲೌಸಿನ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೀ ಪ್ರಶ್ನೆಗಳು. ತಿರುವಿನಲ್ಲಿ ವಿಮಾನ ಯಾಕೆ ಕೆಳಗೆ ಜಾರುತ್ತದೆ? ಗಾಳಿಗೆ ಎದುರಾಗಿ ಹೋದರೆ ನಿಧಾನ, ಆದರೂ ಬೇಗ ಮೇಲೇರುತ್ತದೆ, ಅದು ಹೇಗೆ? ಮೇಷ್ಟ್ರು ಹೇಳಿದ್ದು ಅರ್ಧ ತಿಳಿಯಿತು, ಅರ್ಧ ನಿನ್ನನ್ನು ಕೇಳಬೇಕು. ಗಾಳಿ ಯಾವ ಕಡೆಯದು ಅಂತ ನೋಡಲು ನಾನೊಂದು ಉಪಾಯ ಮಾಡಿದ್ದೇನೆ. ಒಂದು ಗೇಣು ರೇಷ್ಮೆ ದಾರವನ್ನು ಕೋಲಿನ ತುದಿಗೆ ಕಟ್ಟಿ ನೆಡುತ್ತೇನೆ. ಮೇಷ್ಟ್ರಿಗೆ ಬಹಳ ಮೆಚ್ಚಿಗೆಯಾಗಿದೆ.

ತೆಂಗಿನಮರದ ಕಥೆ ಹೇಳದಿದ್ದರೆ ದೊಡ್ಡರಂಗಯ್ಯನವರೇ ನಿನಗೆ ಹೇಳುತ್ತಾರೆ, ಆದ್ದರಿಂದ ನಾನೇ ಹೇಳಿಬಿಡುವುದು ವಾಸಿ. ಮೂರನೇ ವಾರ, ಚೆನ್ನಾಗಿಯೇ ಹಾರಿಸುತ್ತಿದ್ದೆ. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ನಿಜವಾದ ಹೆಲಿಕಾಪ್ಟರು ಬಂತು. ದಡದಡ ಸದ್ದು ಕೇಳಿ ನಾನೂ ಅತ್ತ ನೋಡಿದೆ, ಮೇಷ್ಟ್ರೂ ನೋಡಿದರು, ಅಷ್ಟು ವಯಸ್ಸಾದರೂ ಅವರಿಗೆ ಹೆಲಿಕಾಪ್ಟರ್ ಕಂಡರೆ ಕಣ್ಣು ಅಲ್ಲೇ. ನಾವು ಮತ್ತೆ ನೋಡುವಷ್ಟರಲ್ಲಿ ನಮ್ಮ ವಿಮಾನ ತೋಟದ ಮಧ್ಯದ ಮರದ ಸುಳಿಯಲ್ಲಿ ಕೂತಿತ್ತು. ದೊಡ್ಡರಂಗಯ್ಯ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, ‘ಇರ್ಲಿ ಬುಡಮ್ಮ, ಕಾಯಿ ಕೀಳೋನು ಹೊಸ ವರ್ಷುಕ್ಕೆ ಬತ್ತಾನೆ, ಕಾಯಿ ಜತೆ ಇದ್ನೂ ಇಳಿಸ್ತಾನೆ’ ಅಂದರು. ಹದಿಮೂರು ದಿನ ವಿಮಾನ ಮರದ ಮೇಲಿತ್ತು. ರಸ್ತೆಯಲ್ಲಿ ಹೋಗುವವರೆಲ್ಲ ಗಾಡಿ ನಿಲ್ಲಿಸಿ ನೋಡಿದರಂತೆ. ದೊಡ್ಡರಂಗಯ್ಯನವರ ಹೆಂಡತಿ ಶಿವರುದ್ರಮ್ಮ ನನಗೆ ಪ್ರತಿ ವಾರ ಮಜ್ಜಿಗೆ ಕೊಡುತ್ತಾರೆ, ನಾನು ಅವರ ಮೂರು ಸೀರೆಗೆ ಫಾಲ್ ಹಾಕಿಕೊಟ್ಟಿದ್ದೇನೆ. ‘ಮಗಳು ಆರ್ಸ್ತಿದ್ಲು, ಈಗ ತಾಯಿ ಬಂದವ್ಳೆ, ನಾಳೆ ಅಜ್ಜಿ ಬರ್ತಾಳೇನೋ’ ಅಂತ ಅವರ ತಮಾಷೆ.

ಹೀಗೆ ವಿಮಾನ ಮರದ ಮೇಲಿದ್ದ ಭಾನುವಾರವೇ, ಹಾರಿಸಲು ಏನೂ ಇಲ್ಲದೆ, ಮೇಷ್ಟ್ರು ನಿನ್ನ ಗೋಣಿಚೀಲ ಬಿಚ್ಚಿದರು. ಇಲ್ಲಿಂದ ಮುಂದಿನದನ್ನು ಬರೆಯಲೆಂದೇ ನಾನು ಇಷ್ಟು ಹೊತ್ತು ಸುತ್ತು ಹಾಕಿದ್ದು.

ಮೇ ತಿಂಗಳ ಆ ಭಾನುವಾರ ಏನಾಯಿತು ಅಂತ ನನಗೆ ಕಣ್ಣಾರೆ ಗೊತ್ತಿಲ್ಲ, ನಾನು ಬಂದಿರಲಿಲ್ಲವಲ್ಲ. ಕಾಲೇಜಿನ ಮೈದಾನದ ಪ್ರದರ್ಶನದಲ್ಲಿ ಅಷ್ಟು ಜನರ ಮುಂದೆ ನೀನು ಕಟ್ಟಿದ ವಿಮಾನ ಮೇಲೇರಿ, ಒಂದು ಸುತ್ತು ಪಲ್ಟಿ ಹೊಡೆಯುವಾಗ ರೆಕ್ಕೆ ಮಧ್ಯಕ್ಕೆ ಮಡಚಿಕೊಂಡು ಕಲ್ಲಿನ ಹಾಗೆ ಬಿತ್ತಂತೆ. ಹುಡುಗರು ಹೋ ಅಂದರಂತೆ. ನೀನು ಚೂರುಗಳನ್ನು ಆರಿಸಿಕೊಂಡು ಮೂರು ಗಂಟೆಗೆ ಮನೆಗೆ ಬಂದೆ, ಮುಖ ತೊಳೆದೆ, ನಾಲ್ಕು ಗಂಟೆಗೆ ಶಿರಾದವರ ಮುಂದೆ ಟ್ರೇ ಹಿಡಿದು ನಿಂತೆ. ಅವತ್ತು ಮೈದಾನಕ್ಕೆ ನೋಡಲು ಬಂದಿದ್ದ ಡ್ರೋನ್ ಕಂಪನಿಯವರು, ಬಿದ್ದ ಮೇಲೂ ನಿನ್ನನ್ನು ಟ್ರೈನಿಂಗಿಗೆ ಕರೆದಿದ್ದರಂತೆ. ಇದನ್ನು ನನಗೆ ಮೇಷ್ಟ್ರು ಹೇಳಿದ್ದು, ನೀನು ಹೇಳಲಿಲ್ಲ. ನನ್ನ ಕೈಕೆಲಸ ಗಟ್ಟಿ ಇಲ್ಲ ಸಾರ್ ಅಂತ ನೀನೇ ಬೇಡ ಅಂದೆಯಂತೆ.

ಮೇಷ್ಟ್ರು ಆ ರೆಕ್ಕೆಯನ್ನು ಬೆಂಚಿನ ಮೇಲೆ ಬಿಡಿಸಿಟ್ಟು ಬಹಳ ಹೊತ್ತು ನೋಡಿದರು. ರೆಕ್ಕೆಯ ಒಳಗೆ ಉದ್ದಕ್ಕೂ ಒಂದು ಕಡ್ಡಿ ಇರುತ್ತದೆ, ಭಾರವನ್ನೆಲ್ಲ ಹೊರುವುದು ಅದೇ, ಅದಕ್ಕೆ ಸ್ಪಾರ್ ಅನ್ನುತ್ತಾರೆ ಅಂತ ನನಗೆ ಅವತ್ತೇ ಮೊದಲು ಗೊತ್ತಾಗಿದ್ದು. ಮೇಲಿನ ಬಣ್ಣದ ಹಾಳೆ ಬರೀ ಬಟ್ಟೆ ಇದ್ದ ಹಾಗೆ. ಸ್ಪಾರ್ ಮುರಿದ ಜಾಗವನ್ನು ಅವರು ಬೆರಳಿನಿಂದ ಸವರಿ, ‘ಇದು ಮೇಲೆ ಹಾರುವಾಗ ಮುರಿದಿದ್ದಲ್ಲ. ಮುಂಚೇನೇ ಯಾರೋ ಮುರಿದು, ಮರದ ತುದಿಗೆ ತುದಿ ತಾಗಿಸಿ ಫೆವಿಕಾಲ್ ಹಾಕವ್ರೆ’ ಅಂದರು. ಆಮೇಲೆ ಬಲ್ಬಿನ ಬೆಳಕಿಗೆ ಹಿಡಿದು, ಹಾಳೆಯ ಕೆಂಪು ಪಟ್ಟಿಯ ಅಂಚಿನಲ್ಲಿ ಒಂದು ಜೋಡಣೆ ತೋರಿಸಿದರು. ‘ಎಂಥಾ ಕೈ ನೋಡಿ. ನನ್ನ ಜೀವಮಾನದಲ್ಲಿ ಇಷ್ಟು ನಾಜೂಕಾಗಿ ಹಾಳೆ ಕೂರಿಸಿದ್ದು ನೋಡಿಲ್ಲ. ಅಂಬ್ರೀನ್‌ಗೂ ಬರಲ್ಲ ಇದು’ ಅಂದರು.

ಆ ಕೈ ನನ್ನದು.

ಈಗ ಮೆಲ್ಲಗೆ ಓದು. ಮೇ ತಿಂಗಳ ಆ ಶನಿವಾರ ಮಧ್ಯಾಹ್ನ ನೀನು ಬ್ಯಾಟರಿ ತರಲು ಮಂಡಿಪೇಟೆಗೆ ಹೋಗಿದ್ದೆ. ಅಟ್ಟದಿಂದ ಬಿರಿಯಾನಿಯ ದೊಡ್ಡ ದೇಗ್ಚಿ ಇಳಿಸುವಾಗ ಅದು ಕೈಜಾರಿ ರೆಕ್ಕೆಯ ಮೇಲೆ ಬಿತ್ತು. ಹೀಗಂತ ನಾನು ಮೊದಲು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನಿನ್ನ ಅಮ್ಮಿ ಎಷ್ಟು ಸುಲಭವಾಗಿ ಸುಳ್ಳು ಬರೆಯುತ್ತಾಳೆ ಅಂತ ನೀನು ನೋಡಲಿ. ದೇಗ್ಚಿ ಬೀಳಲಿಲ್ಲ. ದೇಗ್ಚಿ ಅಟ್ಟದ ಮೇಲೇ ಇತ್ತು.

ಬೆಳಿಗ್ಗೆ ನಾನು ನಿನ್ನನ್ನು ಬೇಡಿಕೊಂಡಿದ್ದೆ, ನಾಳೆ ಒಂದು ದಿನ ಹೋಗಬೇಡ, ಹುಡುಗನ ಮನೆಯವರು ಬರುತ್ತಾರೆ, ಬಿಸಿಲಲ್ಲಿ ಮುಖ ಕಪ್ಪಾಗುತ್ತದೆ ಅಂತ. ನೀನು ನನ್ನ ಕೆನ್ನೆ ಹಿಂಡಿ, ‘ಅಮ್ಮಿ, ಒಂದ್ಸಲ ಬಂದು ನೋಡಿ, ಆಮೇಲೆ ಬೈರಿ’ ಅಂದು ಹೊರಟುಹೋದೆ. ಆ ವಿಮಾನ ನನ್ನ ಮೇಜಿನ ಮೇಲೆ, ನಾನು ಬಟ್ಟೆ ಕತ್ತರಿಸುವ ಜಾಗದಲ್ಲೇ ಮಲಗಿತ್ತು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಇದು ಇವಳನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತದೆ, ನನಗೆ ಗೊತ್ತಿಲ್ಲದ ಕಡೆಗೆ, ಅನ್ನಿಸಿತು. ರೆಕ್ಕೆಯನ್ನು ಎತ್ತಿ ಮೊಣಕಾಲಿಗೆ ಇಟ್ಟು ಒತ್ತಿದೆ. ಚಟ್ ಅಂತು. ಅಷ್ಟು ಸಣ್ಣ ಸದ್ದು. ನಾಳೆ ಇವಳು ಹೋಗುವುದಿಲ್ಲ ಅಂತ ಸಮಾಧಾನವಾಯಿತು. ಒಂದು ನಿಮಿಷವೂ ನಿಲ್ಲಲಿಲ್ಲ ಆ ಸಮಾಧಾನ. ನೀನು ಬಂದು ಇದನ್ನು ನೋಡಿದರೆ ನಿನ್ನ ಮುಖ ಹೇಗಾಗುತ್ತದೆ ಅನ್ನುವುದು ಕಣ್ಣ ಮುಂದೆ ಬಂತು.

ಆಗ ನಾನು ನನಗೆ ಗೊತ್ತಿದ್ದ ಕೆಲಸ ಮಾಡಿದೆ. ನಿನ್ನ ನಾನಾ, ನನ್ನ ಅಪ್ಪ, ಚಿಕ್ಕಪೇಟೆಯಲ್ಲಿ ರಫೂ ಹಾಕುತ್ತಿದ್ದರಲ್ಲ, ಹರಿದ ಕೋಟಿಗೆ ಅದೇ ಬಟ್ಟೆಯ ಎಳೆ ತೆಗೆದು ಸೇರಿಸಿ, ಹರಿದದ್ದೇ ಇಲ್ಲ ಅನ್ನುವ ಹಾಗೆ ಮಾಡುತ್ತಿದ್ದರು. ಹೊರಗಿನಿಂದ ಕಾಣಿಸಬಾರದು, ಅಷ್ಟೇ ಅವರು ನನಗೆ ಕಲಿಸಿದ್ದು. ನಿನ್ನ ಡಬ್ಬಿಯಲ್ಲಿ ಉಳಿದಿದ್ದ ಹಾಳೆಯ ತುಂಡು ತೆಗೆದುಕೊಂಡೆ, ಮುರಿದ ಕಡ್ಡಿಗೆ ಅಂಟು ಹಚ್ಚಿದೆ, ಹಳೆ ಹಾಳೆಯನ್ನು ಕೆಂಪು ಪಟ್ಟಿಯ ಅಂಚಿಗೆ ಸರಿಯಾಗಿ ಕತ್ತರಿಸಿ, ಹೊಸ ತುಂಡನ್ನು ಸಣ್ಣ ಇಸ್ತ್ರಿಯಲ್ಲಿ ಕೂರಿಸಿದೆ. ಒಂದು ಗಂಟೆಯಲ್ಲಿ ಮುಗಿಯಿತು. ನಾನೇ ತಿರುಗಿಸಿ ತಿರುಗಿಸಿ ನೋಡಿದೆ, ನನಗೇ ಕಾಣಲಿಲ್ಲ. ನೀನು ಬಂದು ಎತ್ತಿ ನೋಡಿದೆ, ನಿನಗೂ ಕಾಣಲಿಲ್ಲ. ಆ ಹೊತ್ತಿನಲ್ಲಿ ನನಗೆ ನನ್ನ ಕೈಯ ಬಗ್ಗೆ ಹೆಮ್ಮೆಯೂ ಆಯಿತು ಅಂದರೆ ನೀನು ಕ್ಷಮಿಸುತ್ತೀಯೋ ಇಲ್ಲವೋ.

ಒಳಗಿನ ಕಡ್ಡಿ ಭಾರ ಹೊರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಬಟ್ಟೆಗೆ ಒಳಗೆ ಕಡ್ಡಿ ಇರುವುದಿಲ್ಲ. ಭಾನುವಾರ ನಿನ್ನ ವಿಮಾನ ಬಿತ್ತು ಅಂದಾಗ, ನನ್ನಿಂದಲೇ ಇರಬಹುದಾ ಅಂತ ಒಂದು ಕ್ಷಣ ಅನ್ನಿಸಿತು. ಇಲ್ಲ, ನಾನು ಸರಿಮಾಡಿದ್ದೆನಲ್ಲ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ಮೇಷ್ಟ್ರ ಬೆಂಚಿನ ಮುಂದೆ ನಿಂತಾಗ ಆ ಅನುಕೂಲ ಮುಗಿಯಿತು. ಮುರಿದದ್ದನ್ನು ಹಾಗೇ ಬಿಟ್ಟಿದ್ದರೆ ನೀನು ಅವತ್ತು ಅಳುತ್ತಿದ್ದೆ, ನನ್ನನ್ನು ಬೈಯುತ್ತಿದ್ದೆ, ಇನ್ನೊಂದು ರೆಕ್ಕೆ ಕಟ್ಟುತ್ತಿದ್ದೆ. ನಾನು ಮುಚ್ಚಿಟ್ಟದ್ದರಿಂದ ನೀನು ನಿನ್ನನ್ನೇ ಬೈದುಕೊಂಡೆ.

ಎರಡು ವಾರ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಹೋದ ಭಾನುವಾರ ತಡೆಯಲಾಗದೆ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ ಅನ್ನಿಸುತ್ತದೆ. ಕನ್ನಡಕ ಒರೆಸಿಕೊಂಡು, ‘ನನಗ್ಯಾಕೆ ಹೇಳ್ತೀರಿ ಬಾನು ಅವ್ರೇ, ನಾನೇನು ವಿಮಾನ ಬೀಳಿಸಿಕೊಂಡಿದ್ನಾ? ಆ ಹುಡುಗಿಗೆ ಹೇಳಿ’ ಅಂದರು. ಆಮೇಲೆ ಆ ರೆಕ್ಕೆಯನ್ನು ತಂದು ನನ್ನ ಕೈಯಲ್ಲಿಟ್ಟು, ಬೇರೆ ಜೋಡಣೆಗಳನ್ನು ಎಣಿಸಿ ನೋಡಿ ಅಂದರು. ಎಣಿಸಿದೆ. ಅಡ್ಡಪಟ್ಟಿ, ಮೂಲೆ, ಅಂಚು ಎಲ್ಲ ಸೇರಿ ನೀನು ಅಂಟು ಹಾಕಿದ ಜಾಗ ಐವತ್ತಾರು. ಅಷ್ಟು ಎತ್ತರದಿಂದ ಬಿದ್ದರೂ ಕೆಲವು ಕಡೆ ಮರ ಸೀಳಿದೆಯೇ ಹೊರತು, ನಿನ್ನ ಅಂಟು ಒಂದು ಕಡೆಯೂ ಬಿಟ್ಟಿಲ್ಲ. ಬಿಟ್ಟುಕೊಂಡದ್ದು ಒಂದೇ ಒಂದು ಜಾಗ, ಅದು ನಾನು ಹಾಕಿದ್ದು.

ಆ ರೆಕ್ಕೆಯನ್ನು ನಾನು ಮತ್ತೆ ಮುಟ್ಟಿಲ್ಲ. ರಿಪೇರಿ ಮಾಡಬೇಡಿ ಅಂತ ಮೇಷ್ಟ್ರಿಗೂ ಹೇಳಿದ್ದೇನೆ. ಗುಬ್ಬಿಯಲ್ಲಿ ಅವರ ಬೆಂಚಿನ ಮೇಲೆ ಇದೆ, ನೀನೇ ಬಂದು ನೋಡು. ನನ್ನ ಮಾತನ್ನು ನಂಬಬೇಡ, ಮರವನ್ನು ನೋಡು. ಡ್ರೋನ್ ಕಂಪನಿಯವರು ಈಗಲೂ ಮೇಷ್ಟ್ರಿಗೆ ಫೋನ್ ಮಾಡಿದಾಗ ನಿನ್ನ ವಿಷಯ ವಿಚಾರಿಸುತ್ತಾರಂತೆ. ಅದು ಆಗುತ್ತದೋ ಬಿಡುತ್ತದೋ ನನಗೆ ಗೊತ್ತಿಲ್ಲ, ಅದು ನಿನಗೆ ಬೇಕೋ ಬೇಡವೋ ಅದೂ ಗೊತ್ತಿಲ್ಲ. ನಿನ್ನ ಕೈ ಗಟ್ಟಿ ಇದೆ ಅನ್ನುವುದು ಮಾತ್ರ ಗೊತ್ತು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಬರುವ ಶುಕ್ರವಾರ ನಮಾಜ್ ಆದ ಮೇಲೆ ಶಿರಾದವರು ತಾರೀಖು ಗೊತ್ತುಮಾಡಲು ಬರುತ್ತಾರೆ. ನಾನು ಮಾತು ಕೊಡಬೇಕು. ಅಕ್ಟೋಬರಿನಲ್ಲಿ ನೀನು ಹೂಂ ಅಂದದ್ದು ಜುಲ್ಫಿಕರ್‌ಗಾ, ಇಲ್ಲ ಮೇ ತಿಂಗಳಲ್ಲಿ ಬಿದ್ದ ವಿಮಾನಕ್ಕಾ? ಹುಡುಗ ನಿನಗೆ ಮನಸಾರೆ ಒಪ್ಪಿಗೆಯಾಗಿದ್ದರೆ ನಾನು ಸಂತೋಷದಿಂದ ನಿನ್ನ ಮದುವೆಯ ಗರಾರಾ ಹೊಲಿಯುತ್ತೇನೆ. ಆಗದಿದ್ದರೆ ಅದನ್ನೂ ಹೇಳು. ನೀನು ಯಾವುದನ್ನು ಹೇಳಿದರೂ ಕೇಳುತ್ತೇನೆ, ಆದರೆ ನಿಮ್ಮಿಷ್ಟ ಅಂತ ಮಾತ್ರ ಹೇಳಬೇಡ. ನನ್ನ ಇಷ್ಟ ಏನು ಮಾಡಿತು ಅಂತ ಮೇಲೆ ಬರೆದಿದ್ದೇನೆ. ಶುಕ್ರವಾರದ ಒಳಗೆ ಒಂದು ಮಾತು ತಿಳಿಸು.

ಅಬ್ಬಾಗೆ ರೆಕ್ಕೆಯ ವಿಷಯ ಇನ್ನೂ ಗೊತ್ತಿಲ್ಲ. ನಾನು ಗುಬ್ಬಿಗೆ ಹೋಗುವುದು ಗೊತ್ತು. ಮೊದಮೊದಲು ಬ್ಲೌಸ್ ಕೊಡಲು ಹೋಗುತ್ತೇನೆ ಅಂತ ಹೇಳುತ್ತಿದ್ದೆ. ಒಂದು ಭಾನುವಾರ ಅವರೇ ನೀರಿನ ಬಾಟಲಿ ತುಂಬಿ ನನ್ನ ಬ್ಯಾಗಿಗೆ ಹಾಕುತ್ತಾ, ಬ್ಲೌಸ್ ಕೊಡೋದಕ್ಕೆ ಹೋಗಿ ಬಿಸಿಲಿಗೆ ಮೂಗು ಸುಟ್ಟುಕೊಂಡು ಬರೋರನ್ನ ಇವತ್ತೇ ನೋಡ್ತಿರೋದು, ಟೋಪಿ ತಗೊಂಡು ಹೋಗು ಅಂದರು. ಅಷ್ಟೇ, ಮತ್ತೆ ಕೇಳಲಿಲ್ಲ.

ನನಗೆ ಕ್ಷಮೆ ಕೇಳುವುದು ಚೆನ್ನಾಗಿ ಬರುವುದಿಲ್ಲ ಅಂತ ನಿನಗೆ ಗೊತ್ತು. ನಾನು ತಪ್ಪು ಮಾಡಿದೆ ಬೇಟಾ. ನಿನ್ನ ರೆಕ್ಕೆ ಮುರಿದದ್ದೂ ತಪ್ಪು, ಅದನ್ನು ಎಂಟು ತಿಂಗಳು ನೀನು ನಿನ್ನ ತಪ್ಪು ಅಂದುಕೊಂಡು ಓಡಾಡುವಾಗ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು. ಸಿಟ್ಟು ಬಂದರೆ ಸಿಟ್ಟು ಮಾಡು, ಫೋನ್ ಮಾಡಿ ಬೈ, ಬಂದು ಬೈ. ಸಾದಿಕ್ ಮಾಮಾಗೆ ಸಲಾಂ ಹೇಳು. ಬೆಳಿಗ್ಗೆ ಬಿಸಿನೀರಲ್ಲೇ ಸ್ನಾನ ಮಾಡು, ಕುಣಿಗಲ್ ಚಳಿ ನಿನಗಾಗುವುದಿಲ್ಲ.

ನಿನ್ನ ದಾರಿ ನೋಡುತ್ತಾ,
ನಿನ್ನ ಅಮ್ಮಿ,
ಬಾನು

ಮತ್ತೆ: ಸಹಿ ಹಾಕಿದ ಮೇಲೆ ಕಾಗದವನ್ನು ಮೊದಲಿಂದ ಓದಿದೆ. ಶುಕ್ರವಾರ, ಶುಕ್ರವಾರ ಅಂತ ಬರೆದದ್ದು ನೋಡಿ, ಮತ್ತೆ ನಿನ್ನ ಕತ್ತಿನ ಮೇಲೆ ಕೂತ ಹಾಗೆ ಕಂಡಿತು. ಎದ್ದು ಶಿರಾಕ್ಕೆ ಫೋನ್ ಮಾಡಿದೆ. ಜುಲ್ಫಿಕರ್ ತಾಯಿಗೆ ರೆಕ್ಕೆಯ ಕಥೆಯನ್ನು ಪೂರ್ತಿ ಹೇಳಿ, ಹುಡುಗಿ ಹೂಂ ಅಂದದ್ದರಲ್ಲಿ ನನ್ನ ತಪ್ಪು ಸೇರಿದೆ, ಅವಳು ಯೋಚಿಸಿ ಹೇಳುವವರೆಗೂ ಕಾಯುತ್ತೀರಾ ಅಂತ ಕೇಳಿದೆ. ಆಟದ ಸಾಮಾನು ಮುರಿದಿದ್ದಕ್ಕೆ ಸಂಬಂಧ ನಿಲ್ಲಿಸುವವರನ್ನು ಎಲ್ಲೂ ಕಂಡಿಲ್ಲ, ನಾವು ಕಾಯುವುದಿಲ್ಲ ಅಂದರು. ಆಯ್ತು, ಹಾಗಾದರೆ ಶುಕ್ರವಾರ ಬರಬೇಡಿ ಅಂದೆ. ಅಬ್ಬಾ ಪಾಳಿ ಮುಗಿಸಿ ಬಂದ ಮೇಲೆ ಅವರಿಗೂ ಎಲ್ಲವನ್ನೂ ಹೇಳುತ್ತೇನೆ. ಜುಲ್ಫಿಕರ್ ನಿನಗೆ ನಿಜವಾಗಿಯೂ ಇಷ್ಟವಾಗಿದ್ದರೆ ಹೇಳು, ನಾನೇ ಶಿರಾಕ್ಕೆ ಹೋಗಿ ಅವರ ಬಾಗಿಲಲ್ಲಿ ನಿಂತು ಕೇಳುತ್ತೇನೆ. ಇನ್ನು ನೀನು ಶುಕ್ರವಾರದ ಒಳಗೆ ಉತ್ತರ ಕೊಡಬೇಕಾಗಿಲ್ಲ. ಆದರೆ ಕೊಡು.